ಬೇಡದ ಮೇಲ್ ಕಡಿಮೆ ಮಾಡಲು ಯಾವ ದಾರಿ ನಿಮಗೆ ಸರಿ?

ಕಳೆದ ವರ್ಷ ನಮ್ಮ ಅಕ್ಕನ ಮಗನಿಗೆ ಒಂದು ಕಂಪನಿಯಿಂದ ಇಂಟರ್‌ವ್ಯೂ ಮೇಲ್ ಬಂದಿತ್ತು. ಅವನು ಅದನ್ನು ನೋಡಿದ್ದು ಇಂಟರ್‌ವ್ಯೂ ಮುಗಿದು ಎರಡು ದಿನ ಆದ ಮೇಲೆ. ಮೇಲ್ ಸ್ಪ್ಯಾಮ್‌ಗೆ ಹೋಗಿರಲಿಲ್ಲ. ಜಾಹೀರಾತು ಮೇಲ್‌ಗಳನ್ನು ಜಿಮೇಲ್ ಬೇರೆ ಮಾಡಿ ಇಡುವ ಪ್ರಮೋಷನ್ಸ್ ಟ್ಯಾಬ್‌ನಲ್ಲಿ, ಚಪ್ಪಲಿ ರಿಯಾಯಿತಿ ಮತ್ತು ಪರ್ಸನಲ್ ಲೋನ್ ಆಫರ್‌ಗಳ ನಡುವೆ ಬಿದ್ದಿತ್ತು. ಅಕ್ಕ ತುಮಕೂರಿನಿಂದ ಫೋನ್ ಮಾಡಿ, "ಈ ಹಾಳು ಮೇಲ್‌ಗಳನ್ನ ನಿಲ್ಲಿಸೋಕೆ ಏನೂ ದಾರಿ ಇಲ್ವೇನೋ?" ಎಂದು ಕೇಳಿದಳು.

ದಾರಿ ಇದೆ. ಒಂದಲ್ಲ, ಏಳೆಂಟು ಇವೆ. ತೊಂದರೆ ಇರುವುದೂ ಅಲ್ಲೇ. ಅನ್‌ಸಬ್‌ಸ್ಕ್ರೈಬ್ ಒತ್ತಬೇಕಾ, ಸ್ಪ್ಯಾಮ್ ಎಂದು ದೂರು ಕೊಡಬೇಕಾ, ಫಿಲ್ಟರ್ ಹಾಕಬೇಕಾ, ಇನ್ನೊಂದು ಅಕೌಂಟ್ ತೆರೆಯಬೇಕಾ, ಯಾವುದಾದರೂ ಆ್ಯಪ್‌ಗೆ ಕೊಟ್ಟುಬಿಡಬೇಕಾ ಎಂದು ಆಮೇಲೆ ಬಹಳ ಜನ ನನ್ನನ್ನು ಕೇಳಿದ್ದಾರೆ. ಒಬ್ಬರಿಗೆ ಸರಿಹೋದದ್ದು ಇನ್ನೊಬ್ಬರಿಗೆ ಹಾನಿ ಮಾಡಬಹುದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಯಾವುದರಿಂದ ಅಳೆಯಬೇಕು

ನನ್ನ ಮೊದಲ ಅಳತೆಗೋಲು ಇದು: ಈ ದಾರಿ ಹಿಡಿದರೆ ಬೇಕಾದ ಮೇಲ್ ಕಳೆದುಹೋಗುವ ಸಾಧ್ಯತೆ ಎಷ್ಟು? ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನೂರು ಜಾಹೀರಾತು ಬಂದರೆ ಕಿರಿಕಿರಿ, ಅಷ್ಟೇ. ಒಂದು ಕೆಲಸದ ಕರೆಯೋ ಆಸ್ಪತ್ರೆಯ ರಿಪೋರ್ಟೋ ತಪ್ಪಿಹೋದರೆ ಅದು ನಷ್ಟ. ಉಳಿದ ಎಲ್ಲ ಅಳತೆಗಳೂ ಇದರ ನಂತರ.

ಎರಡನೆಯದು ಸಮಯ. ಇವತ್ತು ಎಷ್ಟು ಹೊತ್ತು ಬೇಕು ಎನ್ನುವುದರ ಜೊತೆಗೆ ಪ್ರತಿ ತಿಂಗಳು ಎಷ್ಟು ಬೇಕು ಎಂದೂ ನೋಡಿ. ಮೂರನೆಯದು ಹಣ. ನಾಲ್ಕನೆಯದನ್ನು ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ: ಇದರಿಂದ ನನ್ನ ಮೇಲ್ ಇನ್ಯಾರ ಕೈಗೆ ಹೋಗುತ್ತದೆ? ಕೊನೆಯದು, ಮುಂದೆ ಬೇಡ ಅನ್ನಿಸಿದರೆ ಸುಲಭವಾಗಿ ಬಿಟ್ಟು ಬರಬಹುದಾ?

ಕಳಿಸುವವರು ಮೂರು ಥರ

ದಾರಿ ಆರಿಸುವ ಮುಂಚೆ ನಿಮ್ಮ ಇನ್‌ಬಾಕ್ಸ್‌ನ ಕಳೆದ ಒಂದು ವಾರದ ಮೇಲ್‌ಗಳನ್ನು ನೋಡಿ. ಅಲ್ಲಿ ಮೂರು ಜಾತಿ ಕಾಣುತ್ತವೆ.

ಮೊದಲನೆಯವರು ನಾವೇ ವಿಳಾಸ ಕೊಟ್ಟವರು. ಬಟ್ಟೆ ಅಂಗಡಿಯಲ್ಲಿ ಬಿಲ್ ಮೇಲ್‌ಗೆ ಕಳಿಸುತ್ತೇವೆ ಎಂದು ಕೇಳಿದರು, ಕೊಟ್ಟೆವು. ಬಸ್ ಟಿಕೆಟ್ ಬುಕ್ ಮಾಡಿದೆವು. ಯಾವುದೋ ಆ್ಯಪ್‌ಗೆ ಲಾಗಿನ್ ಆದೆವು. ಇವರದ್ದು ಕಿರಿಕಿರಿ, ಮೋಸ ಅಲ್ಲ.

ಎರಡನೆಯವರಿಗೆ ನಾವು ವಿಳಾಸ ಕೊಟ್ಟೇ ಇಲ್ಲ. ಯಾರಿಂದಲೋ ಪಡೆದು ಅಥವಾ ಸೋರಿದ ಪಟ್ಟಿಯಿಂದ ಎತ್ತಿ ಕಳಿಸುತ್ತಾರೆ. ಇದು ಹೊಸ ಚಾಳಿಯಲ್ಲ. 1978ರ ಮೇ 3ರಂದೇ ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಗ್ಯಾರಿ ಥರ್ಕ್ ಎಂಬುವರು ಕಂಪ್ಯೂಟರ್ ಮಾರಲು ಇಂಟರ್ನೆಟ್ಟಿಗೂ ಹಿಂದಿನ ಜಾಲವಾದ ಅರ್ಪಾನೆಟ್‌ನ ಸುಮಾರು 400 ಜನರಿಗೆ ಕೇಳದೇ ಜಾಹೀರಾತು ಕಳಿಸಿದ್ದರು. ಈಗಿನ ಪಟ್ಟಿಗಳು ಕೋಟಿಗಳಲ್ಲಿವೆ. ನಮ್ಮ ಬೆಂಗಳೂರಿನ ಬಿಗ್‌ಬ್ಯಾಸ್ಕೆಟ್‌ನಿಂದ 2020ರಲ್ಲಿ ಸೋರಿದ ಮಾಹಿತಿಯಲ್ಲಿ 2 ಕೋಟಿಗೂ ಹೆಚ್ಚು ಮೇಲ್ ವಿಳಾಸಗಳಿದ್ದವು. ನಿಮ್ಮ ವಿಳಾಸ ಇಂಥ ಸೋರಿಕೆಯಲ್ಲಿ ಸಿಕ್ಕಿದೆಯೇ ಎಂದು 'ಹ್ಯಾವ್ ಐ ಬೀನ್ ಪೌನ್ಡ್' ತಾಣದಲ್ಲಿ ಉಚಿತವಾಗಿ ನೋಡಬಹುದು.

ಮೂರನೆಯವರು ವಂಚಕರು. ಕೆವೈಸಿ ಅವಧಿ ಮುಗಿದಿದೆ, ಪಾರ್ಸೆಲ್ ನಿಂತಿದೆ, ತೆರಿಗೆ ಹಣ ವಾಪಸ್ ಬಂದಿದೆ ಎಂದು ಲಿಂಕ್ ಒತ್ತಿಸುವವರು.

ಮೊದಲ ಜಾತಿಗೆ ಹೊಂದುವ ಮದ್ದು ಮೂರನೆಯದಕ್ಕೆ ವಿಷ. ಅಂಗಡಿಯವರ ಅನ್‌ಸಬ್‌ಸ್ಕ್ರೈಬ್ ಲಿಂಕ್ ಒತ್ತಿದರೆ ಮೇಲ್ ನಿಲ್ಲುತ್ತದೆ. ವಂಚಕರ ಮೇಲ್‌ನಲ್ಲಿ ಅದೇ ಪದ ಒತ್ತಿದರೆ, ಈ ವಿಳಾಸದಲ್ಲಿ ಒಬ್ಬರು ಕೂತು ಓದುತ್ತಿದ್ದಾರೆ ಎಂದು ಅವರಿಗೆ ನಾವೇ ಹೇಳಿದ ಹಾಗೆ. ಆ ಲಿಂಕ್ ಸೀದಾ ನಕಲಿ ಪುಟಕ್ಕೂ ಕರೆದೊಯ್ಯಬಹುದು.

ಅನ್‌ಸಬ್‌ಸ್ಕ್ರೈಬ್: ಮೊದಲ ವಾರಾಂತ್ಯದ ಕೆಲಸ

ಪರಿಚಯದ ಅಂಗಡಿ, ಆ್ಯಪ್, ಟಿಕೆಟ್ ತಾಣಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಹಣ ಬೇಡ, ಮೂರನೆಯವರು ಮಧ್ಯೆ ಬರುವುದಿಲ್ಲ.

"ಒತ್ತಿದರೂ ನಿಲ್ಲಲ್ಲ" ಎನ್ನುವ ದೂರು ಮೊದಲಿನಿಂದಲೂ ಇತ್ತು. ಅದರಲ್ಲಿ ನಿಜವೂ ಇತ್ತು. ಆದರೆ 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ನಿಯಮ ಬಿಗಿ ಮಾಡಿದವು. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5000ಕ್ಕಿಂತ ಹೆಚ್ಚು ಮೇಲ್ ಕಳಿಸುವವರು ತಾವೇ ಕಳಿಸಿದ್ದು ಎಂಬುದಕ್ಕೆ ತಾಂತ್ರಿಕ ಗುರುತು ಕೊಡಬೇಕು. ಪ್ರಚಾರದ ಮೇಲ್‌ಗಳಲ್ಲಿ ಒಂದೇ ಒತ್ತಿಗೆ ಹೊರಬರುವ ಗುಂಡಿ ಇಡಬೇಕು, ಎರಡು ದಿನದೊಳಗೆ ಕೋರಿಕೆ ಈಡೇರಿಸಬೇಕು. ಹಾಗಾಗಿ ಹಿಂದೆ ಪ್ರಯತ್ನಿಸಿ ಬೇಸತ್ತವರೂ ಇನ್ನೊಮ್ಮೆ ನೋಡಿ.

ಮೇಲ್‌ನ ತಳದಲ್ಲಿ ಸಣ್ಣ ಅಕ್ಷರದಲ್ಲಿರುವ ಲಿಂಕ್ ಹುಡುಕಬೇಡಿ. ಜಿಮೇಲ್‌ನಲ್ಲಿ ಕಳಿಸಿದವರ ಹೆಸರಿನ ಪಕ್ಕವೇ ಅನ್‌ಸಬ್‌ಸ್ಕ್ರೈಬ್ ಎಂದು ಬರುತ್ತದಲ್ಲ, ಅದನ್ನೇ ಒತ್ತಿ. ಅದು ಜಿಮೇಲ್ ಕೊಡುವ ಗುಂಡಿ. 2025ರ ಜುಲೈನಲ್ಲಿ ಜಿಮೇಲ್ ಇನ್ನೊಂದು ಸೌಲಭ್ಯ ಹೊರತಂದಿದೆ. ಎಡಗಡೆಯ ಮೆನುವಿನಲ್ಲಿ 'ಮ್ಯಾನೇಜ್ ಸಬ್‌ಸ್ಕ್ರಿಪ್ಷನ್ಸ್' ಒತ್ತಿದರೆ ಯಾರು ಜಾಸ್ತಿ ಕಳಿಸುತ್ತಾರೋ ಅವರ ಹೆಸರು ಮೇಲೆ ಬರುವ ಹಾಗೆ ಪಟ್ಟಿ ಸಿಗುತ್ತದೆ. ಔಟ್‌ಲುಕ್‌ನ ಸೆಟ್ಟಿಂಗ್ಸ್‌ನಲ್ಲೂ ಇಂಥದ್ದೇ ಪಟ್ಟಿ ಇದೆ. ನಿಮ್ಮಲ್ಲಿ ಅದು ಕಾಣದಿದ್ದರೆ ಸರ್ಚ್‌ನಲ್ಲಿ ಅನ್‌ಸಬ್‌ಸ್ಕ್ರೈಬ್ ಪದವನ್ನು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ. ಬಹುಪಾಲು ಎಲ್ಲ ಅಂಗಡಿಗಳೂ ಸಾಲಾಗಿ ನಿಲ್ಲುತ್ತವೆ.

ಸಮಯ ಬೇಕು, ನಿಜ. ಅಕ್ಕನ ಮಗನ ಅಕೌಂಟಿಗೆ ನಮಗೆ ಒಂದು ಭಾನುವಾರ ಬೆಳಗ್ಗೆ ಮುಕ್ಕಾಲು ಗಂಟೆ ಹಿಡಿಯಿತು. ಒಂದು ಎಚ್ಚರ ಇರಲಿ. ಕೆಲವು ಕಡೆ ಗುಂಡಿ ಒತ್ತಿದಾಗ "ಆಫರ್ ಮಾತ್ರ ಬೇಡವೋ, ಎಲ್ಲವೂ ಬೇಡವೋ" ಎಂದು ಕೇಳುತ್ತಾರೆ. ಕೆಲಸ ಹುಡುಕುವ ತಾಣಗಳಲ್ಲಿ ಸುಮ್ನೆ "ಎಲ್ಲ" ಎಂದು ಒತ್ತಬೇಡಿ. ಕೆಲಸದ ಕರೆಗಳೂ ಅದೇ ಪಟ್ಟಿಯಲ್ಲಿರಬಹುದು.

ಸ್ಪ್ಯಾಮ್ ದೂರು ಮತ್ತು ಬ್ಲಾಕ್

ಎರಡನೇ, ಮೂರನೇ ಜಾತಿಗೆ ಇದು. ಇಲ್ಲಿ ಅನ್‌ಸಬ್‌ಸ್ಕ್ರೈಬ್ ಹತ್ತಿರ ಹೋಗಲೇಬೇಡಿ.

ನನ್ನೊಬ್ಬನ ದೂರಿನಿಂದ ಏನಾಗುತ್ತದೆ ಎಂದು ತುಂಬ ಜನ ಕೇಳುತ್ತಾರೆ. ಆಗುತ್ತದೆ. ಅದೇ 2024ರ ನಿಯಮದಲ್ಲಿ, ದೊಡ್ಡ ಪ್ರಮಾಣದಲ್ಲಿ ಕಳಿಸುವವರ ಮೇಲಿನ ಸ್ಪ್ಯಾಮ್ ದೂರು ಶೇಕಡಾ 0.3 ಮುಟ್ಟಬಾರದು ಎಂದಿದೆ. ಅಂದರೆ ಸಾವಿರಕ್ಕೆ ಮೂರು. ಇಷ್ಟು ಸಣ್ಣ ಗೆರೆ ಇರುವಾಗ ನಿಮ್ಮ ಒಂದು ಒತ್ತಿಗೆ ನಿಜಕ್ಕೂ ತೂಕವಿದೆ. ಸುಮ್ಮನೆ ಡಿಲೀಟ್ ಮಾಡಿದರೆ ಈ ಲೆಕ್ಕಕ್ಕೆ ಏನೂ ಸೇರುವುದಿಲ್ಲ.

ಅದಕ್ಕೇ ಇದನ್ನು ಕೋಪದಲ್ಲಿ ಬಳಸಬಾರದು. ಬ್ಯಾಂಕಿನ ಲೋನ್ ಆಫರ್ ಬಂತೆಂದು ಸ್ಪ್ಯಾಮ್ ಒತ್ತಿದರೆ ಮುಂದೆ ಅದೇ ಬ್ಯಾಂಕಿನ ಸ್ಟೇಟ್‌ಮೆಂಟ್ ಕೂಡ ಸ್ಪ್ಯಾಮ್‌ಗೆ ಹೋಗಬಹುದು. ಜಿಮೇಲ್ ಸ್ಪ್ಯಾಮ್‌ನಲ್ಲಿರುವುದನ್ನು 30 ದಿನಕ್ಕೆ ತಾನೇ ಅಳಿಸುತ್ತದೆ. ತಿಂಗಳಿಗೆ ಒಂದು ಸಲವಾದರೂ ಆ ಫೋಲ್ಡರ್ ತೆರೆದು ಕಣ್ಣಾಡಿಸದಿದ್ದರೆ ಹೋದದ್ದು ಹೋಯಿತು.

ಬ್ಲಾಕ್ ಮಾಡುವುದು ಒಬ್ಬನೇ ಹಟಮಾರಿ ಕಳಿಸುವವನಿಗೆ ಸಾಕು. ದಿನಕ್ಕೊಂದು ವಿಳಾಸ ಬದಲಿಸುವವರ ಮುಂದೆ ಅದು ನಡೆಯುವುದಿಲ್ಲ.

ಫಿಲ್ಟರ್: ತಡೆಯಲು ಅಲ್ಲ, ಕಾಪಾಡಲು

ಇಂಥವರ ಮೇಲ್ ಬಂದರೆ ಹೀಗೆ ಮಾಡು ಎಂದು ಮೊದಲೇ ಹೇಳಿಡುವ ನಿಯಮವೇ ಫಿಲ್ಟರ್. ಅದನ್ನು ಬೇಡದ್ದನ್ನು ಬಚ್ಚಿಡುವ ಸಾಧನ ಎಂದೇ ಎಲ್ಲರೂ ನೋಡುತ್ತಾರೆ. ಅನ್‌ಸಬ್‌ಸ್ಕ್ರೈಬ್ ಎಂಬ ಪದ ಇರುವ ಎಲ್ಲ ಮೇಲ್ ಇನ್‌ಬಾಕ್ಸ್‌ಗೆ ಬರದಂತೆ ಫಿಲ್ಟರ್ ಹಾಕಿ ಎಂಬ ಸಲಹೆ ತುಂಬ ಓಡಾಡುತ್ತದೆ. ಒಂದೇ ನಿಮಿಷದಲ್ಲಿ ಇನ್‌ಬಾಕ್ಸ್ ಖಾಲಿಯಾಗುತ್ತದೆ. ಆದರೆ ನಾನು ಇದನ್ನು ಯಾರಿಗೂ ಹೇಳುವುದಿಲ್ಲ. ಕಾಲೇಜು, ವಿಮೆ, ನೌಕರಿ ತಾಣ, ಕೆಲವು ಸಲ ಆಸ್ಪತ್ರೆಯ ಮೇಲ್‌ಗಳಲ್ಲೂ ಆ ಪದ ತಳದಲ್ಲಿ ಇರುತ್ತದೆ. ನನ್ನ ಮೊದಲ ಅಳತೆಗೋಲಿನಲ್ಲೇ ಇದು ಸೋಲುತ್ತದೆ.

ಫಿಲ್ಟರನ್ನು ತಿರುಗಿಸಿ ಬಳಸಿ. ನಿಮಗೆ ತಪ್ಪಲೇಬಾರದ ಐದಾರು ಕಡೆಯ ವಿಳಾಸ ಬರೆದುಕೊಳ್ಳಿ: ಬ್ಯಾಂಕು, ಮಕ್ಕಳ ಶಾಲೆ, ಆಫೀಸು, ವಿಮೆ. ಪ್ರತಿಯೊಂದಕ್ಕೂ ಫಿಲ್ಟರ್ ಮಾಡಿ, 'ನೆವರ್ ಸೆಂಡ್ ಇಟ್ ಟು ಸ್ಪ್ಯಾಮ್' ಮತ್ತು 'ಕ್ಯಾಟಗರೈಸ್ ಆ್ಯಸ್ ಪ್ರೈಮರಿ' (ಮುಖ್ಯ ಟ್ಯಾಬ್‌ನಲ್ಲೇ ತೋರಿಸು) ಎರಡಕ್ಕೂ ಟಿಕ್ ಹಾಕಿ. ಇಷ್ಟಾದರೆ ಉಳಿದ ಯಾವ ದಾರಿ ಹಿಡಿದರೂ ಈ ಐದಾರು ಕಡೆಯದು ಕೈತಪ್ಪುವ ಭಯ ಬಹಳ ಕಡಿಮೆ. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ. ಒಂದೇ ತೊಡಕು: ಜಿಮೇಲ್‌ನ ಮೊಬೈಲ್ ಆ್ಯಪ್‌ನಲ್ಲಿ ಫಿಲ್ಟರ್ ಮಾಡಲು ಬರುವುದಿಲ್ಲ. ಯಾರದ್ದಾದರೂ ಲ್ಯಾಪ್‌ಟಾಪ್‌ನಲ್ಲಿ ಹತ್ತು ನಿಮಿಷ ಕೂರಬೇಕು. ಸ್ವಂತದ್ದಲ್ಲದಿದ್ದರೆ ಆಮೇಲೆ ಲಾಗ್‌ಔಟ್ ಮರೆಯಬೇಡಿ.

ಬ್ಯಾಂಕಿನ ವಿಳಾಸ ಬರೆಯುವಾಗ ಒಂದು ವಿಷಯ ಗಮನಿಸಿ. ರಿಸರ್ವ್ ಬ್ಯಾಂಕ್ ಸೂಚನೆಯಂತೆ ನಮ್ಮ ಬ್ಯಾಂಕುಗಳು ತಮ್ಮ ಜಾಲತಾಣಗಳನ್ನು ಡಾಟ್ ಬ್ಯಾಂಕ್ ಡಾಟ್ ಇನ್ ಎಂದು ಕೊನೆಯಾಗುವ ವಿಳಾಸಕ್ಕೆ ಬದಲಿಸಬೇಕಿತ್ತು. ಅದಕ್ಕೆ 2025ರ ಅಕ್ಟೋಬರ್ 31 ಗಡುವಾಗಿತ್ತು. ಬ್ಯಾಂಕಿನ ಹೆಸರು ಹೇಳಿಕೊಂಡು ಬಂದ ಮೇಲ್ ಬೇರೆ ಬಾಲದ ತಾಣಕ್ಕೆ ಕರೆದರೆ ಅಲ್ಲೇ ನಿಲ್ಲಿ.

ಎರಡನೇ ವಿಳಾಸ, ಪ್ಲಸ್ ಗುರುತು, ಮುಸುಕು ವಿಳಾಸ

ಮೇಲಿನ ಮೂರು ಈಗಾಗಲೇ ಬರುತ್ತಿರುವುದಕ್ಕೆ. ಇವು ಇನ್ನು ಮುಂದೆ ಬರುವುದನ್ನು ತಡೆಯಲು. ಇಲ್ಲಿ ಆಯ್ಕೆ ನಿಜಕ್ಕೂ ಕಷ್ಟ.

ಎಲ್ಲಕ್ಕಿಂತ ಸರಳ ಇನ್ನೊಂದು ಜಿಮೇಲ್ ಅಕೌಂಟ್. ಅಂಗಡಿ, ಲಕ್ಕಿ ಡ್ರಾ, ಆ್ಯಪ್ ಎಲ್ಲಕ್ಕೂ ಅದು. ಬ್ಯಾಂಕು, ಪಾಸ್‌ಪೋರ್ಟ್, ಪ್ಯಾನ್‌ಗೆ ಹಳೆಯದು. ದುಡ್ಡಿಲ್ಲ, ಕಲಿಯಬೇಕಾದ್ದಿಲ್ಲ, ಅಂಗಡಿಯ ಕೌಂಟರ್‌ನಲ್ಲಿ ಬಾಯಲ್ಲಿ ಹೇಳಲೂ ಸುಲಭ. ಆದರೆ ಅದನ್ನು ತಿರುಗಿಯೂ ನೋಡದೆ ಬಿಡಬಾರದು. ಎರಡು ವರ್ಷ ಬಳಸದೆ ಬಿಟ್ಟ ಅಕೌಂಟನ್ನು ಗೂಗಲ್ ಅಳಿಸಬಹುದು. ಆ ವಿಳಾಸದ ಮೇಲೆ ಯಾವುದಾದರೂ ಲಾಗಿನ್ ಇದ್ದರೆ ಅದರ ಪಾಸ್‌ವರ್ಡ್ ಮರಳಿ ಪಡೆಯುವ ದಾರಿಯೂ ಅಲ್ಲಿಗೇ ಮುಚ್ಚುತ್ತದೆ.

ಪ್ಲಸ್ ಗುರುತಿನ ಉಪಾಯ ಹೀಗೆ: ನಿಮ್ಮ ವಿಳಾಸದಲ್ಲಿ ಹೆಸರು ಮುಗಿದ ಮೇಲೆ, ಆ್ಯಟ್ (@) ಗುರುತಿಗೆ ಮೊದಲು, ಒಂದು ಪ್ಲಸ್ ಹಾಕಿ ಅಂಗಡಿಯ ಹೆಸರು ಸೇರಿಸುವುದು. ಮೇಲ್ ನಿಮ್ಮ ಅದೇ ಇನ್‌ಬಾಕ್ಸ್‌ಗೆ ಬರುತ್ತದೆ. ಜಿಮೇಲ್, ಔಟ್‌ಲುಕ್ ಎರಡರಲ್ಲೂ ನಡೆಯುತ್ತದೆ. ನಿಮ್ಮ ವಿಳಾಸವನ್ನು ಯಾರು ಹೊರಗೆ ಬಿಟ್ಟರು ಎಂದು ತಿಳಿಯುವುದು ಇದರ ದೊಡ್ಡ ಲಾಭ. ನನಗೆ ಒಂದು ಸಲ ಪೀಠೋಪಕರಣದ ಅಂಗಡಿಗೆ ಕೊಟ್ಟ ಪ್ಲಸ್ ವಿಳಾಸಕ್ಕೆ ಷೇರು ಟಿಪ್ಸ್ ಕೊಡುವವರ ಮೇಲ್ ಬಂತು. ಅವತ್ತೇ ಆ ವಿಳಾಸಕ್ಕೆ ಬರುವುದೆಲ್ಲ ನೇರ ಕಸಕ್ಕೆ ಹೋಗುವ ಹಾಗೆ ಫಿಲ್ಟರ್ ಹಾಕಿದೆ. ಆದರೆ ಕೆಲವು ಫಾರ್ಮ್‌ಗಳು ಪ್ಲಸ್ ಗುರುತನ್ನು ಒಪ್ಪುವುದಿಲ್ಲ. ಪ್ಲಸ್‌ನ ನಂತರದ್ದನ್ನು ಕಿತ್ತುಹಾಕಿದರೆ ನಿಮ್ಮ ನಿಜ ವಿಳಾಸ ಸಿಗುತ್ತದೆ ಎಂದು ಸ್ಪ್ಯಾಮ್ ಕಳಿಸುವವರಿಗೂ ಗೊತ್ತು. ಹಾಗಾಗಿ ಇದು ಪತ್ತೆಗೆ ಒಳ್ಳೆಯದು, ರಕ್ಷಣೆಗೆ ಅರ್ಧ ಮಾತ್ರ.

ನಿಜವಾದ ರಕ್ಷಣೆ ಮುಸುಕು ವಿಳಾಸದಲ್ಲಿದೆ. ಒಂದು ಸೇವೆ ನಿಮಗೆ ಅರ್ಥವಿಲ್ಲದ ಅಕ್ಷರಗಳ ವಿಳಾಸ ಮಾಡಿಕೊಡುತ್ತದೆ. ಅದಕ್ಕೆ ಬಂದದ್ದು ನಿಮ್ಮ ಇನ್‌ಬಾಕ್ಸ್‌ಗೆ ಫಾರ್ವರ್ಡ್ ಆಗುತ್ತದೆ. ಕಾಟ ಶುರುವಾದರೆ ಆ ಒಂದು ವಿಳಾಸವನ್ನು ಆಫ್ ಮಾಡಿದರೆ ಮುಗಿಯಿತು. ನಿಮ್ಮ ನಿಜ ವಿಳಾಸ ಅಂಗಡಿಯವರಿಗೆ ಗೊತ್ತಾಗುವುದೇ ಇಲ್ಲ.

ಇದರಲ್ಲಿ ಡಕ್‌ಡಕ್‌ಗೋ ಪೂರ್ತಿ ಉಚಿತ. ಎಷ್ಟು ಬೇಕೋ ಅಷ್ಟು ವಿಳಾಸ ಮಾಡಬಹುದು, ನೀವು ತೆರೆದಿರಾ ಎಂದು ಕಳಿಸಿದವರಿಗೆ ತಿಳಿಸುವ, ಮೇಲ್‌ನೊಳಗಿನ ಟ್ರ್ಯಾಕರ್‌ಗಳನ್ನೂ ತೆಗೆದು ಕಳಿಸುತ್ತದೆ. ಫೈರ್‌ಫಾಕ್ಸ್ ರಿಲೇಯಲ್ಲಿ ಉಚಿತವಾಗಿ 5, ಸಿಂಪಲ್‌ಲಾಗಿನ್‌ನಲ್ಲಿ 10 ಸಿಗುತ್ತವೆ. ಹೆಚ್ಚಿಗೆ ಬೇಕಾದರೆ ಹಣ. ಸಿಂಪಲ್‌ಲಾಗಿನ್ 2022ರಿಂದ ಸ್ವಿಟ್ಜರ್ಲೆಂಡಿನ ಪ್ರೋಟಾನ್ ಸಂಸ್ಥೆಯ ಕೈಯಲ್ಲಿದೆ. ಐಫೋನ್ ಇರುವವರಿಗೆ 'ಹೈಡ್ ಮೈ ಇಮೇಲ್' ಎಲ್ಲಕ್ಕಿಂತ ಸಲೀಸು, ಫಾರ್ಮ್ ತುಂಬುವಾಗ ಫೋನೇ ಕೇಳುತ್ತದೆ. ಅದಕ್ಕೆ ಐಕ್ಲೌಡ್ ಪ್ಲಸ್ ಬೇಕು, ನಮ್ಮಲ್ಲಿ 50 ಜಿಬಿಯ ಪ್ಲಾನ್ ತಿಂಗಳಿಗೆ 75 ರೂಪಾಯಿ. ಫೋಟೋ ಇಡಲು ಹೇಗೂ ಆ ಪ್ಲಾನ್ ತೆಗೆದುಕೊಂಡಿದ್ದರೆ ಇದು ಪುಕ್ಕಟೆ ಸಿಕ್ಕ ಹಾಗೆಯೇ. ಬರೀ ಇದಕ್ಕಾಗಿ ಹಣ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ.

ನಾಲ್ಕನೇ ಅಳತೆಗೋಲು ಇಲ್ಲಿ ಕೆಲಸಕ್ಕೆ ಬರುತ್ತದೆ. ನಿಮ್ಮ ಮೇಲ್ ಇನ್ನೊಬ್ಬರ ಸರ್ವರ್ ದಾಟಿ ಬರುತ್ತದೆ. ಆ ಸೇವೆ ಒಂದು ದಿನ ನಿಂತರೆ ಅದರ ಮೂಲಕ ಬರುತ್ತಿದ್ದ ಎಲ್ಲವೂ ನಿಲ್ಲುತ್ತದೆ. ಅಂಗಡಿ, ಸುದ್ದಿಪತ್ರ, ಆಟದ ಆ್ಯಪ್‌ಗಳಿಗೆ ಇದನ್ನು ಧಾರಾಳವಾಗಿ ಬಳಸಿ. ಬ್ಯಾಂಕು, ಆಧಾರ್, ಪಿಎಫ್, ನೌಕರಿ ಅರ್ಜಿಗೆ ಬೇಡ.

ಹತ್ತು ನಿಮಿಷಕ್ಕೆ ಸಿಗುವ ತಾತ್ಕಾಲಿಕ ವಿಳಾಸಗಳ ಬಗ್ಗೆ ಎರಡೇ ಮಾತು. ಮೇಲಿನೇಟರ್‌ನಂಥ ಕಡೆ ಉಚಿತ ಇನ್‌ಬಾಕ್ಸ್ ಸಾರ್ವಜನಿಕ, ವಿಳಾಸ ಊಹಿಸಿದ ಯಾರೂ ಓದಬಹುದು. ಒಂದು ಪಿಡಿಎಫ್ ಇಳಿಸಿಕೊಳ್ಳಲು ಸರಿ, ಲಾಗಿನ್ ಇಟ್ಟುಕೊಳ್ಳಲು ಅಲ್ಲ.

ಸ್ವಚ್ಛ ಮಾಡಿಕೊಡುವ ಆ್ಯಪ್‌ಗಳು

"ಒಂದೇ ಒತ್ತಿಗೆ ಎಲ್ಲ ಕ್ಲೀನ್" ಎನ್ನುವ ಆ್ಯಪ್‌ಗಳು ಸಮಯದ ಅಳತೆಯಲ್ಲಿ ಗೆಲ್ಲುತ್ತವೆ. ಕೆಲಸ ಮಾಡುವುದೂ ಹೌದು. ಆದರೆ ಅವಕ್ಕೆ ನಿಮ್ಮ ಇಡೀ ಮೇಲ್‌ಪೆಟ್ಟಿಗೆ ಓದುವ ಅನುಮತಿ ಬೇಕು. ಅನ್‌ರೋಲ್ ಮಿ ಎಂಬ ಸೇವೆಯ ಕಥೆ ಎಲ್ಲರಿಗೂ ಗೊತ್ತಿರಬೇಕು. ಬಳಕೆದಾರರ ಇ-ರಸೀದಿಗಳ ಮಾಹಿತಿಯನ್ನು ಮಾತೃಸಂಸ್ಥೆಯ ಜೊತೆ ಹಂಚಿಕೊಂಡು, ಮೇಲ್ ಮುಟ್ಟುವುದಿಲ್ಲ ಎಂಬ ಭರವಸೆ ಕೊಟ್ಟು ಜನರನ್ನು ತಪ್ಪುದಾರಿಗೆ ಎಳೆಯಿತು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2019ರಲ್ಲಿ ಅದರ ಮೇಲೆ ಕ್ರಮ ತೆಗೆದುಕೊಂಡಿತು.

ನಮ್ಮ ಮೇಲ್‌ನಲ್ಲಿ ಏನೇನಿದೆ ಯೋಚಿಸಿ. ಬ್ಯಾಂಕ್ ಸ್ಟೇಟ್‌ಮೆಂಟ್ ಇದೆ. ಅದನ್ನು ತೆರೆಯುವ ಪಾಸ್‌ವರ್ಡ್ ಎಷ್ಟೋ ಕಡೆ ಹೆಸರಿನ ಮೊದಲ 4 ಅಕ್ಷರ ಮತ್ತು ಹುಟ್ಟಿದ ದಿನ ಎಂದು ಅದೇ ಮೇಲ್‌ನಲ್ಲಿ ಬರೆದಿರುತ್ತದೆ. ಮುಕ್ಕಾಲು ಗಂಟೆ ಉಳಿಸಲು ಇಷ್ಟನ್ನು ಹೊರಗಿನವರ ಕೈಗೆ ಕೊಡುವುದನ್ನು ನಾನು ಒಪ್ಪುವುದಿಲ್ಲ. ಈಗಾಗಲೇ ಕೊಟ್ಟಿದ್ದರೆ ಗೂಗಲ್ ಅಕೌಂಟಿನ ಸೆಕ್ಯುರಿಟಿ ಪುಟದಲ್ಲಿ ಹೊರಗಿನ ಆ್ಯಪ್‌ಗಳ ಪಟ್ಟಿ ಇದೆ, ಅಲ್ಲಿ ಅನುಮತಿ ವಾಪಸ್ ಪಡೆಯಬಹುದು. ಫೋನಿನಿಂದ ಆ್ಯಪ್ ತೆಗೆದರೆ ಅನುಮತಿ ಹೋಗುವುದಿಲ್ಲ.

ಎಲ್ಲ ಬಿಟ್ಟು ಹೊಸ ವಿಳಾಸಕ್ಕೇ ಹೋಗುತ್ತೇನೆ ಎನ್ನುವವರೂ ಇದ್ದಾರೆ. ಬ್ಯಾಂಕು, ವಿಮೆ, ಗ್ಯಾಸ್, ಪಿಎಫ್, ಮಕ್ಕಳ ಶಾಲೆ ಎಲ್ಲ ಕಡೆ ಬದಲಿಸಬೇಕು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ.

1909ಕ್ಕೆ ಡಿಎನ್‌ಡಿ (ಜಾಹೀರಾತು ಬೇಡ ಎಂಬ ನೋಂದಣಿ) ಹಾಕಿಸಿದ್ದೇನೆ, ಆದರೂ ಮೇಲ್ ಬರುತ್ತಿದೆ ಎಂದು ಕೇಳಿದವರಿಗೆ: ಅದು ಕರೆ ಮತ್ತು ಎಸ್‌ಎಂಎಸ್‌ಗೆ ಮಾತ್ರ. ಅಮೆರಿಕದಲ್ಲಿರುವ ನಮ್ಮವರಿಗೆ 2003ರ ಕ್ಯಾನ್-ಸ್ಪ್ಯಾಮ್ ಕಾನೂನು ಇದೆ, ಅಲ್ಲಿ ಬೇಡ ಎಂದ ಮೇಲೆ ಕೆಲಸದ 10 ದಿನದೊಳಗೆ ನಿಲ್ಲಿಸಬೇಕು. ಜಾಹೀರಾತು ಮೇಲ್‌ಗೆಂದೇ ಮಾಡಿದ ಅಂಥ ಕಾನೂನು ನಮ್ಮಲ್ಲಿಲ್ಲ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯುವಂತಿರಬೇಕು ಎಂದು 2023ರ ಡಿಜಿಟಲ್ ಮಾಹಿತಿ ರಕ್ಷಣೆಯ ಕಾಯ್ದೆ ಹೇಳುತ್ತದೆ. ಅದು ಹಂತಹಂತವಾಗಿ ಜಾರಿಗೆ ಬರುತ್ತಿದೆ. ಅಲ್ಲಿಯವರೆಗೆ ಕೆಲಸ ನಮ್ಮ ಕೈಯಲ್ಲೇ.

ಯಾರಿಗೆ ಯಾವುದು

ಕೆಲಸ ಹುಡುಕುತ್ತಿರುವವರು ತಡೆಯುವುದಕ್ಕಿಂತ ಕಾಪಾಡುವುದರ ಕಡೆ ಗಮನ ಕೊಡಿ. ಅಕ್ಕನ ಮಗನಿಗೆ ಮಾಡಿದ್ದು ಇಷ್ಟೇ: ಅರ್ಜಿ ಹಾಕಿದ ಕಂಪನಿಗಳ ಹೆಸರಿಗೆ ಫಿಲ್ಟರ್, ಜಾಸ್ತಿ ಕಳಿಸುವ ಮೂವತ್ತು ಅಂಗಡಿಗಳಿಂದ ಅನ್‌ಸಬ್‌ಸ್ಕ್ರೈಬ್, ಮತ್ತು ಜಿಮೇಲ್‌ನ ಪ್ರಮೋಷನ್ಸ್ ಟ್ಯಾಬನ್ನೇ ಸದ್ಯಕ್ಕೆ ಆಫ್ ಮಾಡಿದ್ದು. ಇನ್‌ಬಾಕ್ಸ್ ಸ್ವಲ್ಪ ತುಂಬಿದ ಹಾಗೆ ಕಾಣುತ್ತದೆ. ಆದರೆ ಎಲ್ಲವೂ ಒಂದೇ ಕಡೆ ಕಣ್ಣಿಗೆ ಬೀಳುತ್ತದೆ.

ಆನ್‌ಲೈನ್ ಖರೀದಿ ಜಾಸ್ತಿ ಮಾಡುವವರಿಗೆ ಮುಸುಕು ವಿಳಾಸ. ಅದು ತಲೆನೋವು ಎನಿಸಿದರೆ ಎರಡನೇ ಅಕೌಂಟ್. ಹಳೆಯ ವಿಳಾಸ ಈಗಾಗಲೇ ಹತ್ತು ಕಡೆ ಸೋರಿದೆ ಎನ್ನುವವರು ತಿಂಗಳಾನುಗಟ್ಟಲೆ ತಪ್ಪದೆ ಸ್ಪ್ಯಾಮ್ ದೂರು ಕೊಡಬೇಕು, ಬೇರೆ ಅಡ್ಡದಾರಿ ಇಲ್ಲ. ಗೂಗಲ್ ಅಕೌಂಟಿನ 15 ಜಿಬಿ ಉಚಿತ ಜಾಗ ತುಂಬಿದೆ ಎಂದು ಹೊರಟವರು ಜಾಹೀರಾತು ಅಳಿಸುತ್ತಾ ಕೂರಬೇಡಿ, ಅವು ತೂಕದಲ್ಲಿ ಸಣ್ಣವು. ಜಾಗ ತಿನ್ನುವುದು ಹೆಚ್ಚಾಗಿ ಫೋಟೋ, ವಿಡಿಯೊ ಮತ್ತು ದೊಡ್ಡ ಅಟ್ಯಾಚ್‌ಮೆಂಟ್‌ಗಳು.

ಮನೆಯ ಹಿರಿಯರ ವಿಷಯದಲ್ಲಿ ನಾನು ಬೇರೆ ಯಾವ ಜಾಣತನವನ್ನೂ ಹೇಳುವುದಿಲ್ಲ. ಅಪ್ಪ, ಅಮ್ಮ, ಅತ್ತೆ, ಮಾವನಿಗೆ ಮುಸುಕು ವಿಳಾಸ, ಪ್ಲಸ್ ಗುರುತು ಕಲಿಸಲು ಹೋದರೆ ಅವರು ಮೇಲ್ ನೋಡುವುದನ್ನೇ ಬಿಡುತ್ತಾರೆ. ಊರಿಗೆ ಹೋದಾಗ ಪಕ್ಕದಲ್ಲಿ ಕೂತು, ಅವರ ಪೆನ್ಷನ್ ಬ್ಯಾಂಕಿಗೆ ಮತ್ತು ಆಸ್ಪತ್ರೆಗೆ ಫಿಲ್ಟರ್ ಹಾಕಿಕೊಡಿ. ಅನ್‌ಸಬ್‌ಸ್ಕ್ರೈಬ್ ನೀವೇ ಮಾಡಿ, ಅವರಿಗೆ ಆ ಪದ ಒತ್ತಲು ಹೇಳಲೇಬೇಡಿ. ಗುರುತಿಲ್ಲದ್ದು ಬಂದರೆ ತೆರೆಯದೆ ನಿಮಗೆ ಫೋನ್ ಮಾಡಲಿ. ಅಕಸ್ಮಾತ್ ಲಿಂಕ್ ಒತ್ತಿ ಹಣ ಹೋದರೆ ತಕ್ಷಣ ಕರೆ ಮಾಡಬೇಕಾದ ಸೈಬರ್ ವಂಚನೆಯ ಸಹಾಯವಾಣಿ 1930. ಆ ನಂಬರನ್ನು ಅವರ ಫೋನಿನಲ್ಲಿ ನಿಮ್ಮ ಹೆಸರಿನ ಪಕ್ಕದಲ್ಲೇ ಸೇವ್ ಮಾಡಿಕೊಡಿ.